ಸೌಂಡ್ ಕಾರ್ಡು ಮತ್ತು ಶಾಂತವ್ವ ವೈನಿಯ ಜೋಗುಳ

ನನ್ನ ಕಂಪ್ಯೂಟರಿನೊಳಗೆ ಒಂದು ನುಸಿ ಇತ್ತು. ಮೌಸ್ ಆಡಿಸಿದರೆ ಹಾರುತ್ತಿತ್ತು, ಕೈಬಿಟ್ಟರೆ ಕೂರುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು, ಉಸಿರು ಬಿಗಿಹಿಡಿದು, ಯಾವ ಹಾಡನ್ನೂ ಹಾಕದೆ ಸುಮ್ಮನೆ ಕುಳಿತರೆ ಮಾತ್ರ ಅದು ಗುಂಯ್‌ಗುಟ್ಟುವುದು ಕೇಳುತ್ತಿತ್ತು. ಹಾಡು ಕೇಳಲೆಂದು ಕೊಂಡ ಹೆಡ್‌ಫೋನಿನಲ್ಲಿ ಹಾಡು ಹಾಕದೆ ಯಾಕೆ ಕೂರುತ್ತೀರಿ ಎಂದು ನೀವು ಕೇಳಬಹುದು. ನನ್ನ ಹೆಂಡತಿ ವಾರಿಜಾ ಕೇಳಿದ್ದಳು.

ಈ ನುಸಿಯ ದೆಸೆಯಿಂದ ನಾನು ಮಾಡಿದ ಒಂದು ಕೆಲಸವನ್ನು ಹೇಳಿಕೊಳ್ಳಬೇಕಾಗಿದೆ. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ನಾಚಿಕೆಯೆನ್ನುವುದು ಮುಂಬಯಿಯ ಲೋಕಲ್ ಗಾಡಿಯ ಗರ್ದಿಯಂತೆ. ದಾದರಿನಲ್ಲಿ ಇಷ್ಟು ಇಳಿಯಿತಲ್ಲ ಎಂದು ಕಾಲು ಚಾಚುವಷ್ಟರಲ್ಲಿ ಅಷ್ಟೇ ಹತ್ತಿಕೊಂಡಿರುತ್ತದೆ.

ಮೊದಲು ವಿಷಯ. ಕಂಪ್ಯೂಟರಿನ ಹೊಟ್ಟೆಯಲ್ಲಿ ಮದರ್‌ಬೋರ್ಡ್ ಎಂಬ ಹಲಗೆಯಿದೆ. ಅದರ ಒಂದು ಮೂಲೆಯಲ್ಲಿ ಬೆರಳುಗುರಿನಷ್ಟು ದೊಡ್ಡದಾದ ಚಿಪ್ ಕೂತಿರುತ್ತದೆ. ಕಂಪ್ಯೂಟರಿಗೆ ಬರುವ, ಕಂಪ್ಯೂಟರಿನಿಂದ ಹೋಗುವ ದನಿಯೆಲ್ಲ ಅದರ ಉಸ್ತುವಾರಿ. ಹಲಗೆಯ ಮೇಲೆಯೇ ಇರುವುದರಿಂದ ಅದಕ್ಕೆ ಆನ್‌ಬೋರ್ಡ್ ಆಡಿಯೋ ಎನ್ನುತ್ತಾರೆ. ನಮ್ಮ ಮುಂಬಯಿ ಭಾಷೆಯಲ್ಲಿ ಹೇಳಬೇಕೆಂದರೆ ಅದು ಚಾಳಿನ ಕೋಣೆ. ಗೋಡೆಯಾಚೆ ಪ್ರೊಸೆಸರಿನ ಸಂಸಾರ, ಈಚೆ ತಿರುಗುವ ಪಂಖಾದ ಸಂಸಾರ, ಎಲ್ಲರಿಗೂ ಒಂದೇ ಕರೆಂಟು. ಪಕ್ಕದವರು ಚಟ್ನಿ ಅರೆದರೆ ನಿಮ್ಮ ರೇಡಿಯೋ ಕೆಮ್ಮುತ್ತದೆ. ಇನ್ನೊಂದು, ಪ್ರತ್ಯೇಕ ಸೌಂಡ್ ಕಾರ್ಡ್. ಅಂಗಡಿಯಿಂದ ತಂದು ಬೇರೆ ಸೀಳಿಗೆ ಸಿಕ್ಕಿಸಬೇಕು. ಅದು ದನಿಗೆಂದೇ ಕಟ್ಟಿಸಿದ ಸ್ವಂತ ಫ್ಲ್ಯಾಟು. ಮೂವತ್ತೇಳು ವರ್ಷದಿಂದ ಈ ಊರಿನಲ್ಲಿ ಜಾಗಕ್ಕಾಗಿ ಒದ್ದಾಡಿದವನಿಗೆ ಇವೆರಡರಲ್ಲಿ ಯಾವುದು ಮೇಲು ಎಂದು ಯಾರಾದರೂ ಹೇಳಿಕೊಡಬೇಕೆ?

ಆದರೆ ಈ ಉಪಮೆಯಲ್ಲಿ ಒಂದು ಮೋಸವಿದೆ. ಬರೆಯುವಾಗಲೇ ಅದು ನನ್ನನ್ನು ಚುಚ್ಚಿತು. ಇಪ್ಪತ್ತನೆಯ ವಯಸ್ಸಿಗೆ ವಿಜಯಪುರದಿಂದ ಬಂದಾಗ ನಾನು ಇಳಿದದ್ದು ಆಂಟಾಪ್ ಹಿಲ್‌ನಲ್ಲಿ, ಅಣ್ಣನ ಒಂದು ಕೋಣೆ ಮತ್ತು ಅಡುಗೆಮನೆಯಲ್ಲಿ. ಅಲ್ಲಿ ನಾಲ್ಕೂ ಕಡೆಯ ಸದ್ದು ಒಳಗೆ ಬರುತ್ತಿತ್ತು. ಆ ಸದ್ದುಗಳ ನಡುವೆಯೇ ಅಣ್ಣನ ಹೆಂಡತಿ ಶಾಂತವ್ವ ವೈನಿ ಹಾಡುತ್ತಿದ್ದಳು. ನನಗೆ ಒಂದು ದಿನವೂ ಅವಳ ಹಾಡು ಕೇಳಿಸದೆ ಹೋದದ್ದಿಲ್ಲ. ಅಥವಾ ಹಾಗೆಂದು ಈಗ ನೆನಪು ಹೇಳುತ್ತಿದೆ. ನೆನಪನ್ನು ನಂಬಿ ಸಾಕ್ಷಿ ಹೇಳುವವನು ನಾನಲ್ಲ. ಅದು ಕೇಳಿದವರಿಗೆ ಬೇಕಾದಂತೆ ಸೆರಗು ಸರಿಮಾಡಿಕೊಂಡು ಬರುತ್ತದೆ. ಆಗ ನಾನು ಅವಳ ಹಾಡಿಗೆ ಕಿವಿಗೊಟ್ಟಿದ್ದೆನೋ, ಊಟ ಯಾವಾಗ ಎಂದು ಕಾಯುತ್ತಿದ್ದೆನೋ, ಯಾರು ಬಲ್ಲರು?

ವೈನಿಯ ಜೋಗುಳ ನಮ್ಮವರ ನಡುವೆ ಹೆಸರುವಾಸಿ. ಕೂಸಿಗೆ ಹೆಸರಿಡುವ ದಿನ ತೊಟ್ಟಿಲು ಕಟ್ಟಿ, ಸೋದರತ್ತೆಯಾದವಳು ಕೂಸಿನ ಕಿವಿಯಲ್ಲಿ ‘ಕುರ್‍ರ್’ ಎಂದು ಹೆಸರು ಹೇಳಬೇಕು. ಹೇಳುವಾಗ ಸುತ್ತ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಗುದ್ದಿದ ನಗೆ ಇನ್ನೂ ಆರುವ ಮೊದಲೇ ಆ ಹೊಸ ಹೆಸರನ್ನು ಸೇರಿಸಿ ಜೋಗುಳ ಹಾಡಬೇಕು. ಆಂಟಾಪ್ ಹಿಲ್‌ನಿಂದ ಡೊಂಬಿವಲಿಯವರೆಗೆ ಎಷ್ಟೋ ಮನೆಗಳಲ್ಲಿ ಆ ಹೆಸರನ್ನು ಮೊದಲು ಹಾಡಿದವಳು ವೈನಿ. ಆ ಕೂಸುಗಳು ದೊಡ್ಡವರಾಗಿ ಈಗ ಅವಳೊಡನೆ ಹಿಂದಿಯಲ್ಲಿ ಮಾತಾಡುತ್ತಾರೆ. ಅದು ಬೇರೆ ಮಾತು.

ಕಳೆದ ವರ್ಷ ವೈನಿಯ ಗಂಟಲಲ್ಲಿ ಗಂಟು ಕಾಣಿಸಿತು. ಥೈರಾಯ್ಡ್. ಪರೇಲಿನ ಆಸ್ಪತ್ರೆಯಲ್ಲಿ ಆಪರೇಶನ್ ಎಂದು ಗೊತ್ತಾಯಿತು. ಅದೇ ಹೊತ್ತಿಗೆ ಅವಳ ಸೊಸೆ, ಅಂದರೆ ಮಗ ಮಹೇಶನ ಹೆಂಡತಿ, ಏಳು ತಿಂಗಳ ಬಸುರಿ. ವೈನಿ ನನಗೆ ಫೋನು ಮಾಡಿದಳು.

“ಏ ಶಿವೂ, ಡಾಕ್ಟರು ಚಲೋ ಮನಷಾ. ಹೆದರಬ್ಯಾಡ್ರಿ ಅಂದಾನ. ಆದರ ಗಂಟ ತಗದ ಮ್ಯಾಲೆ ಏರದನಿ ಹೊಳ್ಳಿ ಬರತೈತೊ ಇಲ್ಲೊ, ಕೆಲವರಿಗೆ ಬರೂದುಲ್ಲಂತ. ಊರ ಮಂದಿ ಕೂಸಿಗೆಲ್ಲಾ ಹಾಡೀನಿ, ನನ್ನ ಮೊಮ್ಮಗೂಸಿಗೆ ಕಾಗಿಹಂಗ ಕಾ ಕಾ ಅನ್ನಲೇನು? ಮೊದಲ ಹಾಡಿ ಇಡತೀನಿ. ನಿನ್ನ ಮಷಿನ್ಯಾಗ ತುಂಬಿಸಿಕೋ.”

“ಹೆಸರು ಇನ್ನೂ ಇಟ್ಟಿಲ್ಲಲ್ಲ ವೈನಿ?”

“ಹೆಸರಿನ ಜಾಗಾ ಖಾಲಿ ಬಿಡತೀನಪಾ. ನೀ ಶ್ಯಾಣ್ಯಾ ಅದಿ, ಆಮ್ಯಾಲೆ ಹೊಲಿದ ಹಾಕು.”

ಶ್ಯಾಣ್ಯಾ, ಅಂದರೆ ಜಾಣ, ಎಂದಳು. ಆ ಒಂದು ಪದಕ್ಕೆ ನಾನು ಉಬ್ಬಿದೆ. ವೈನಿಯ ಮಗಳು ಸುಜಾತಾ ಹಿಂದಿನಿಂದ ಕೂಗುವುದು ಕೇಳಿಸಿತು: “ಕಾಕಾ, ಮೊಬೈಲ್‌ದಾಗ ಕರ್ ಲೇತೇ ಹೈ ನಾ, ದೋ ಮಿನಿಟ್ ಕಾ ಕಾಮ್ ಐತಿ!” ನಾನು ಅವಳಿಗೆ ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಮೊಬೈಲ್ ದನಿಯನ್ನು ಹಿಂಡಿ ಸಿಪ್ಪೆ ಮಾತ್ರ ಇಟ್ಟುಕೊಳ್ಳುತ್ತದೆ, ಇದು ಮನೆತನದ ಆಸ್ತಿ, ಇದನ್ನು ಸರಿಯಾಗಿ ಹಿಡಿಯಬೇಕು ಎಂದೆ. ನನ್ನ ಹತ್ತಿರ ಒಳ್ಳೆಯ ಮೈಕು ಇದೆ, ಅಮ್ಮನನ್ನು ಮುಲುಂಡ್‌ಗೆ, ನಮ್ಮ ಮನೆಗೆ ಕಳಿಸು ಎಂದೆ. ಆಪರೇಶನ್ನಿಗೆ ಐದು ವಾರವಿತ್ತು.

ವೈನಿ ಬಂದಳು. ಆಂಟಾಪ್ ಹಿಲ್‌ನಿಂದ ಮುಲುಂಡ್ ಎಂದರೆ ಬಸ್ಸು, ಹಾರ್ಬರ್ ಲೈನು, ಕುರ್ಲಾದಲ್ಲಿ ಇಳಿದು ಬ್ರಿಜ್ ಹತ್ತಿ ಇಳಿದು ಮತ್ತೆ ಸ್ಲೋ ಲೋಕಲ್ಲು. ಅರವತ್ತೆಂಟು ವರ್ಷದ ಹೆಂಗಸು, ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಡಬ್ಬಿಯಲ್ಲಿ ನನಗೆಂದು ಶೇಂಗಾ ಹೋಳಿಗೆ ತಂದಿದ್ದಳು. ಹಸಿರು ಸೀರೆ ಉಟ್ಟಿದ್ದಳು. ಇಲ್ಲ, ಹಸಿರು ಸೀರೆ ಮೂರನೆಯ ಸಲ ಬಂದಾಗಿನದೇನೋ. ಸೀರೆ ಬಿಡಿ. ಮೈಕಿನ ಮುಂದೆ ಕೂತು ಒಂದು ಸಲಕ್ಕೇ ಹಾಡಿದಳು. ಎಲ್ಲೂ ತಪ್ಪಲಿಲ್ಲ. ಹೆಸರು ಬರುವಲ್ಲಿ ನಿಂತು, ತೊಟ್ಟಿಲು ಒಮ್ಮೆ ಹೋಗಿ ಬರುವಷ್ಟು ಹೊತ್ತು ಬಿಟ್ಟು, ಮುಂದಿನ ಸಾಲು ಎತ್ತುತ್ತಿದ್ದಳು.

ನಾನು ಹೆಡ್‌ಫೋನ್ ಹಾಕಿ ಕೇಳಿದೆ. ಹೆಸರಿನ ಆ ಖಾಲಿ ಜಾಗದಲ್ಲಿ ನುಸಿ ಇತ್ತು.

“ಗುಂಯ್ ಅಂತೈತಿ,” ಎಂದೆ.

ವೈನಿ ಹೆಡ್‌ಫೋನ್ ಇಸಿದುಕೊಂಡು ಕೇಳಿದಳು. “ನನಗೇನ ಕೇಳಿಸವಲ್ದು. ನನ್ನ ದನಿ ಐತಿ.”

ವಾರಿಜಾ ಕೇಳಿದಳು. ಅವಳು ಉಡುಪಿಯ ಕಡೆಯವಳು, ಅಳೆದು ಮಾತಾಡುತ್ತಾಳೆ. “ಎಂತ ಗುಂಯ್ ಮಾರಾಯ್ರೆ? ಚಂದ ಉಂಟು. ಇಷ್ಟು ಸಾಕಲ್ವಾ?”

ಸಾಕಾಗಲಿಲ್ಲ. ಇದು ಮದರ್‌ಬೋರ್ಡಿನ ದೋಷ, ಸೌಂಡ್ ಕಾರ್ಡ್ ಹಾಕಿಸುತ್ತೇನೆ, ಇನ್ನೊಮ್ಮೆ ಬನ್ನಿ ಎಂದೆ. ಅಷ್ಟಕ್ಕೇ ಬಿಟ್ಟಿದ್ದರೂ ಈ ಪ್ರಬಂಧ ಬರೆಯುವ ಹಣೆಬರಹ ನನಗೆ ಬರುತ್ತಿರಲಿಲ್ಲ. ವೈನಿ ಹೋದ ಮೇಲೆ ಆ ಫೈಲನ್ನು ಅಳಿಸಿಬಿಟ್ಟೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಕೆಟ್ಟದ್ದನ್ನು ಇಟ್ಟುಕೊಂಡರೆ ಒಳ್ಳೆಯದರ ಕಡೆ ಮನಸ್ಸು ಹೋಗುವುದಿಲ್ಲ ಎಂಬ ಒಂದು ತತ್ತ್ವವೂ ಆಗ ನನ್ನ ಬಳಿ ಇತ್ತು. ನನ್ನ ಹತ್ತಿರ ಯಾವ ಹೊತ್ತಿಗೂ ಒಂದು ತತ್ತ್ವ ಇರುತ್ತದೆ, ಅದೇ ನನ್ನ ರೋಗ.

ಆಮೇಲೆ ಎರಡು ವಾರ ನಾನು ಓದಿದೆ. ಇಂಟರ್‌ನೆಟ್ಟಿನಲ್ಲಿ ಆನ್‌ಬೋರ್ಡ್ ಮತ್ತು ಸೌಂಡ್ ಕಾರ್ಡುಗಳ ಬಗ್ಗೆ ನಡೆಯುತ್ತಿರುವ ಜಗಳವನ್ನು ನೋಡಿದರೆ ದ್ವೈತ ಅದ್ವೈತಗಳ ಜಗಳ ಮಕ್ಕಳಾಟ. ಒಂದು ಪಂಥದವರು, ಈಗಿನ ಆನ್‌ಬೋರ್ಡ್ ಚಿಪ್ಪುಗಳು ಸಾಕಷ್ಟು ಒಳ್ಳೆಯವು, ಕಣ್ಣು ಕಟ್ಟಿ ಕೇಳಿಸಿದರೆ ನಿಮಗೆ ವ್ಯತ್ಯಾಸವೇ ತಿಳಿಯದು ಎನ್ನುತ್ತಾರೆ. ಇನ್ನೊಂದು ಪಂಥದವರು, ಕೇಳುವ ಕಿವಿ ಬೇಕು ಎನ್ನುತ್ತಾರೆ. ‘ಕೇಳುವ ಕಿವಿ’ ಎಂದ ಕೂಡಲೇ ನಾನು ಎರಡನೆಯ ಪಂಥಕ್ಕೆ ಸೇರಿದೆ. ನನ್ನಂಥವರನ್ನು ಮತಾಂತರ ಮಾಡುವುದು ಬಹಳ ಸುಲಭ, ಸ್ವಲ್ಪ ಹೊಗಳಿದರಾಯಿತು. ಮೂರನೆಯ ಒಂದು ಸಣ್ಣ ಪಂಥವೂ ಇತ್ತು: ‘ಮೊದಲು ನಿಮ್ಮ ಮನೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ನೋಡಿ’ ಎನ್ನುವವರು. ಇಲೆಕ್ಟ್ರಿಶಿಯನ್ನರ ಮಾತು ಎಂದು ಅದನ್ನು ದಾಟಿ ಮುಂದೆ ಹೋದೆ.

ಗ್ರಾಂಟ್ ರೋಡ್ ಸ್ಟೇಷನ್ನಿನ ಆಚೆಯ ಕಂಪ್ಯೂಟರ್ ಬೀದಿಗೆ ಹೋದೆ. ಅಂಗಡಿಯ ಮುದುಕ ಕನ್ನಡಕದ ಮೇಲಿನಿಂದ ನೋಡಿ, “ಅಂಕಲ್, ಗಾನಾ ಸುನ್‌ನಾ ಹೈ ತೋ ಜೋ ಅಂದರ್ ಹೈ ವಹೀ ಬಸ್ ಹೈ,” ಎಂದ. ಮಾರುವವನೇ ಬೇಡ ಎನ್ನುವ ಅಂಗಡಿ ಈ ಊರಿನಲ್ಲಿ ಅದೊಂದೇ ಇರಬೇಕು. ನಾನು ನಿಂತೇ ಇದ್ದುದನ್ನು ನೋಡಿ, “ಸ್ಟುಡಿಯೋ ಖೋಲಾ ಹೈ ಕ್ಯಾ?” ಎಂದು ಕೇಳಿದ. ನಾನು “ಹಾಂ” ಎಂದೆ. ನನಗಿಂತ ಹತ್ತು ವರ್ಷ ದೊಡ್ಡವನು ನನ್ನನ್ನು ಅಂಕಲ್ ಎಂದದ್ದಕ್ಕೆ ಬೇಸರವಾಗಿ ಹಾಗೆ ಹೇಳಿದೆನೆಂದು ಆಮೇಲೆ ಸಮಾಧಾನ ಮಾಡಿಕೊಂಡೆ.

ವೈನಿ ಎರಡನೆಯ ಸಲ ಬಂದಾಗ ಕಾರ್ಡು ಮೇಜಿನ ಮೇಲಿತ್ತು, ಕಂಪ್ಯೂಟರಿನೊಳಗೆ ಹೋಗಿರಲಿಲ್ಲ. ಡಬ್ಬದ ಹಿಂಬದಿಯ ಸ್ಕ್ರೂ ಮುಂಬಯಿಯ ಗಾಳಿಗೆ ತುಕ್ಕು ಹಿಡಿದು ಗೋಡೆಯ ಮೊಳೆಯಂತಾಗಿತ್ತು. ಅವಳೆದುರಿಗೆ ಒಂದು ತಾಸು ಅದನ್ನು ತಿರುವಿದೆ. ಅವಳು ಚಹಾ ಕುಡಿದಳು, ವಾರಿಜಾಳ ಜೊತೆ ಮೆಂತ್ಯ ಸೊಪ್ಪು ಸೋಸಿದಳು.

“ಹಂಗ ಹಾಡ್ಲೇನು, ಮೊದಲಿನ ಗತಿ?” ಎಂದು ಕೇಳಿದಳು.

“ಬ್ಯಾಡ ವೈನಿ. ಮಾಡಿದರ ಸರಿಯಾಗಿ ಮಾಡೂಣು.”

“ಗಂಟಲ ನಂದ, ಗಡಿಬಿಡಿ ಇಲ್ಲದ್ದು ನಿನಗ,” ಎಂದು ನಕ್ಕು ಎದ್ದಳು. ಇದು ವೈನಿ ಹೇಳಿದ್ದೋ ವಾರಿಜಾ ಹೇಳಿದ್ದೋ ಎಂದು ಈಚೆಗೆ ನನಗೆ ಅನುಮಾನ. ವಾರಿಜಾಳನ್ನು ಕೇಳಿದರೆ, ತಾನು ಹೇಳಿದ್ದು ಇದಕ್ಕಿಂತ ಕೆಟ್ಟದಾಗಿತ್ತು ಎನ್ನುತ್ತಾಳೆ.

ಕಂಪ್ಯೂಟರನ್ನೇ ಒಂದು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಆಂಟಾಪ್ ಹಿಲ್‌ಗೆ ಒಯ್ಯಬಹುದಿತ್ತು. ಅದು ನನಗೆ ಹೊಳೆಯಲಿಲ್ಲ. ಸಲಕರಣೆ ಇದ್ದಲ್ಲಿಗೆ ಮನುಷ್ಯರು ಬರಬೇಕು ಎನ್ನುವುದು ಯಾವಾಗ ನನ್ನ ತಲೆಯೊಳಗೆ ಸೇರಿತೋ ಗೊತ್ತಿಲ್ಲ.

ಮೂರನೆಯ ಸಲ ಎಲ್ಲವೂ ಸಿದ್ಧವಾಗಿತ್ತು. ಆಪರೇಶನ್ನಿಗೆ ನಾಲ್ಕು ದಿನ. ಸ್ಕ್ರೂವನ್ನು ಕೊರೆದು ತೆಗೆಸಿ ಕಾರ್ಡು ಕೂಡಿಸಿದ್ದೆ. ಈಗ ಡಬ್ಬದ ಹಿಂಬದಿಯಲ್ಲಿ ಎರಡು ಸಾಲು ತೂತುಗಳು: ಮೇಲೆ ಮದರ್‌ಬೋರ್ಡಿನ ಹಳೆಯವು, ಕೆಳಗೆ ಕಾರ್ಡಿನ ಹೊಸವು. ನಮ್ಮ ಮನೆಯಲ್ಲಿ ಕಂಪ್ಯೂಟರಿನ ಬೆನ್ನು ಗೋಡೆಗೆ ಹತ್ತಿಕೊಂಡಿದೆ. ಮಂಚ ಸರಿಸದೆ ಅದನ್ನು ನೋಡಲಾಗದು. ಕೈ ತೂರಿಸಿ, ಬೆರಳಿನಿಂದ ತಡವಿ, ಮೈಕಿನ ವಾಯರನ್ನು ಸಿಕ್ಕಿಸಿದೆ. ಇನ್ನು ಮುಂದೆ ಹೊಸ ಕಾರ್ಡಿನಿಂದಲೇ ದನಿ ತೆಗೆದುಕೋ ಎಂದು ಕಂಪ್ಯೂಟರಿಗೆ ಹೇಳಿದೆ. ಬೆಳಿಗ್ಗೆ ಒಂದು ಪರೀಕ್ಷೆಯನ್ನೂ ಮಾಡಿದೆ. ಯಾರೂ ಮಾತಾಡಬೇಡಿ ಎಂದು ಮನೆಯನ್ನು ಮೌನವಾಗಿಸಿ, ಒಂದು ನಿಮಿಷ ಹಿಡಿದು, ಹೆಡ್‌ಫೋನಿನಲ್ಲಿ ಕೇಳಿದೆ. ನುಸಿಯಿಲ್ಲ! ಒಂದು ಚೂರೂ ಇಲ್ಲ. ಅಂಥ ನಿರ್ಮಲ ಮೌನವನ್ನು ನಾನು ಮುಂಬಯಿಗೆ ಬಂದ ಮೇಲೆ ಕೇಳಿರಲಿಲ್ಲ. ವಾರಿಜಾಳನ್ನು ಕರೆದು ಕೇಳಿಸಿದೆ.

“ಎಂತ ಕೇಳ್ಬೇಕು ಇದ್ರಲ್ಲಿ?”

“ಏನೂ ಇಲ್ಲದ್ದನ್ನು.”

“ಅದಕ್ಕೆ ಕಾರ್ಡ್ ಬೇಕಿತ್ತಾ?” ಎಂದು ಅವಳು ಆಫೀಸಿಗೆ ಹೋದಳು.

ದನಿ ಬರುತ್ತದೆಯೇ ಎಂದು ನಾನು ನೋಡಲಿಲ್ಲ. ನುಸಿ ಹೋಗಿದೆಯೇ ಎಂದು ಮಾತ್ರ ನೋಡಿದೆ. ಈ ಎರಡು ವಾಕ್ಯಗಳನ್ನು ಬರೆಯುವುದಕ್ಕೆ ನನಗೆ ಆರು ತಿಂಗಳು ಬೇಕಾಯಿತು.

ವೈನಿ ಬಂದು ಕೂತಳು. ಫ್ರಿಜ್ಜು ಆರಿಸಿದೆ. ಮಾನಿಟರೂ ಸಣ್ಣಗೆ ಕಿಣಿಗುಡುತ್ತದೆ ಎಂದು ಎಲ್ಲೋ ಓದಿದ್ದೆ. ರೆಕಾರ್ಡಿಂಗ್ ಚಾಲೂ ಮಾಡಿ ಅದನ್ನೂ ಆರಿಸಿದೆ. ಹೆಡ್‌ಫೋನಿನ ಸದ್ದು ಮೈಕಿಗೆ ಸೋರೀತೆಂದು ಅದನ್ನೂ ತೆಗೆದಿಟ್ಟೆ. ಒಟ್ಟಿನಲ್ಲಿ ಏನಾಗುತ್ತಿದೆ ಎಂದು ನನಗೆ ತಿಳಿಸಬಹುದಾಗಿದ್ದ ಎಲ್ಲವನ್ನೂ ಒಂದೊಂದಾಗಿ ಮುಚ್ಚಿ, ಕಣ್ಣನ್ನೂ ಮುಚ್ಚಿಕೊಂಡು ಕೂತೆ. ವೈನಿ ಇಪ್ಪತ್ತಮೂರು ನಿಮಿಷ ಹಾಡಿದಳು. ಜೋಗುಳವಷ್ಟೇ ಅಲ್ಲ, ಅವಳ ಅವ್ವ ಹಾಡುತ್ತಿದ್ದ ಎರಡು ಪದ, ನಾನು ಎಂದೂ ಕೇಳದವು. ಕೊನೆಯದನ್ನು ಹಾಡುವಾಗ ಒಮ್ಮೆ ನಿಂತು ಗಂಟಲಿನ ಮೇಲೆ ಕೈಯಿಟ್ಟುಕೊಂಡಳು. ಕಣ್ಣು ಮುಚ್ಚಿದ್ದವನಿಗೆ ಇದು ಹೇಗೆ ಕಂಡಿತು ಎಂದು ಕೇಳಬೇಡಿ. ಕಂಡದ್ದೋ, ಆಮೇಲೆ ನಾನು ಹಚ್ಚಿದ ಬಣ್ಣವೋ, ಅದನ್ನು ಅಳಿಸುವ ಧೈರ್ಯ ಮಾತ್ರ ಇಲ್ಲ.

ಆಮೇಲೆ ಕೇಳಿಸು ಎಂದು ಅವಳು ಹೇಳಲಿಲ್ಲ. “ಬಂತಲ್ಲ? ಸಾಕು,” ಎಂದು ಎದ್ದಳು. ನಾಲ್ಕರ ಲೋಕಲ್ಲಿಗೆ ಹೋಗಬೇಕಿತ್ತು. ನಾನೂ ಫೈಲು ತೆರೆಯಲಿಲ್ಲ. ಪುರುಸೊತ್ತಿನಿಂದ, ಒಳ್ಳೆಯ ಮನಸ್ಸಿನಲ್ಲಿ, ಹಬ್ಬದ ಊಟಕ್ಕೆ ಕೂರುವಂತೆ ಕೂತು ಕೇಳೋಣ ಎಂದುಕೊಂಡೆ.

ಆಪರೇಶನ್ನಿನ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಹೇಶನಿಗೂ ಸುಜಾತಾಳಿಗೂ ಸೌಂಡ್ ಕಾರ್ಡಿನ ಮಹಿಮೆಯನ್ನು ವಿವರಿಸಿದೆ. “ಆನ್‌ಬೋರ್ಡ್‌ಗೂ ಇದಕ್ಕೂ ಭೂಮಿ-ಆಕಾಶ,” ಎಂದೆ. ಇನ್ನೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ, ಸ್ನಾನ ಮಾಡಿ, ಫೈಲು ತೆರೆದೆ.

ಪರದೆಯ ಈ ತುದಿಯಿಂದ ಆ ತುದಿಯವರೆಗೆ ಒಂದು ನೇರ ಗೆರೆ. ಇಪ್ಪತ್ತಮೂರು ನಿಮಿಷದ ನೇರ ಗೆರೆ.

ಮೈಕಿನ ವಾಯರು ಮೇಲಿನ ಸಾಲಿನ ತೂತಿನಲ್ಲಿತ್ತು, ಹಳೆಯ ಮದರ್‌ಬೋರ್ಡಿನದರಲ್ಲಿ. ಕಾರ್ಡು ಪಾಪ, ನಾನು ಹೇಳಿದಂತೆ ತನ್ನ ಖಾಲಿ ತೂತಿಗೆ ಕಿವಿಯಿಟ್ಟು ಕೂತಿತ್ತು. ನಮ್ಮ ಶಾಸ್ತ್ರಗಳಲ್ಲಿ ನಾದ ಎರಡು ಬಗೆ ಎನ್ನುತ್ತಾರೆ. ಹೊಡೆದರೆ ಹುಟ್ಟುವುದು ಆಹತ, ಹೊಡೆಯದೆಯೇ ಇರುವುದು ಅನಾಹತ. ಅನಾಹತವನ್ನು ಕೇಳಲು ಯೋಗಿಗಳು ಗವಿಯಲ್ಲಿ ವರ್ಷಗಟ್ಟಲೆ ಕೂರುತ್ತಿದ್ದರಂತೆ. ಮುಲುಂಡಿನ ಒಂದು ಬಿ.ಎಚ್.ಕೆ.ಯಲ್ಲಿ ನಾನದನ್ನು ಫ್ರಿಜ್ಜು ಆರಿಸಿ ಹಿಡಿದುಬಿಟ್ಟಿದ್ದೆ. ನೋಡಿ, ಇಷ್ಟಾದ ಮೇಲೂ ಜೋಕು ಮಾಡುತ್ತಿದ್ದೇನೆ. ನಾಚಿಕೆಯಾದವನು ಎರಡು ಕೆಲಸ ಮಾಡುತ್ತಾನೆ: ಒಂದೋ ಶಾಸ್ತ್ರ ಹೇಳುತ್ತಾನೆ, ಇಲ್ಲವೇ ನಗಿಸುತ್ತಾನೆ. ನಾನು ಒಂದೇ ಪ್ಯಾರಾದಲ್ಲಿ ಎರಡನ್ನೂ ಮುಗಿಸಿದೆ.

ಅಂದು ಸಂಜೆ ಆಸ್ಪತ್ರೆಗೆ ಹೋದೆ. ವೈನಿಯ ಕತ್ತಿಗೆ ಪಟ್ಟಿ. ಮಾತಾಡಬಾರದೆಂದು ನರ್ಸು ಹೇಳಿದ್ದಳು. ನನ್ನನ್ನು ನೋಡಿ ಕೈಯನ್ನು ಕಿವಿಯ ಹತ್ತಿರ ತಂದು, ಹುಬ್ಬೇರಿಸಿದಳು. ಚೆನ್ನಾಗಿ ಬಂದಿದೆಯೇ, ಎಂದು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಬಾಯಿಂದ ಏನೂ ಹೇಳಲಿಲ್ಲವಾದ್ದರಿಂದ ಅದು ಸುಳ್ಳಾಗುವುದಿಲ್ಲ ಎಂದು ಪರೇಲಿನಿಂದ ಮುಲುಂಡಿನವರೆಗೆ ನಿಂತುಕೊಂಡು ವಾದ ಮಾಡಿದೆ. ವಾದದಲ್ಲಿ ಗೆದ್ದೆ. ಆ ಗೆಲುವಿನ ರುಚಿ ಬಹಳ ದಿನ ಬಾಯಲ್ಲಿತ್ತು.

ಇಂಥ ಕಥೆಗಳಲ್ಲಿ ಈ ಹೊತ್ತಿಗೆ ಯಾರದೋ ಮೊಬೈಲಿನಲ್ಲಿ ಆ ಹಾಡು ಸಿಕ್ಕಿಬಿಡಬೇಕು. ವಾರಿಜಾ ನನಗೆ ತಿಳಿಯದಂತೆ ಹಿಡಿದಿಟ್ಟಿರಬೇಕು. ನಾನು ಅದನ್ನೂ ಆಶಿಸಿದೆ. ಕೇಳಿದೆ ಕೂಡ. ಇಲ್ಲ, ಯಾರೂ ಹಿಡಿದಿರಲಿಲ್ಲ. ಎಲ್ಲರೂ ನನ್ನನ್ನು ನಂಬಿದ್ದರು.

ವೈನಿಗೆ ದನಿ ಬಂತು. ಮೊದಲು ಪಿಸುಮಾತು, ಆಮೇಲೆ ಒಡಕು, ಎರಡು ತಿಂಗಳಿಗೆ ಒಂದು ಹೊಸ ದನಿ: ತಗ್ಗಿನದು, ಮರಳು ಬೆರೆತದ್ದು. ಏರು ಸ್ವರ ಮಾತ್ರ ಹಿಂದಿರುಗಲಿಲ್ಲ. ಮಹೇಶನಿಗೆ ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ಒಂದೂವರೆ ತಿಂಗಳಾದಾಗ ಹೆಸರಿಡುವ ದಿನ ಗೊತ್ತಾಯಿತು. ‘ಕಾಕಾ, ಪೆನ್‌ಡ್ರೈವ್ ಮತ್ತೆ ಸ್ಪೀಕರ್ ನಿಮ್ದೇ’ ಎಂದು ಸುಜಾತಾ ಮೆಸೇಜು ಕಳಿಸಿದಳು.

ಅದಕ್ಕೂ ಎಂಟು ದಿನ ಮೊದಲು ಆಂಟಾಪ್ ಹಿಲ್‌ಗೆ ಹೋದೆ. ದಾರಿಯುದ್ದಕ್ಕೂ ಹೇಳುವುದನ್ನು ಅಣಿ ಮಾಡಿಕೊಂಡೆ. ಮದರ್‌ಬೋರ್ಡ್ ಎಂದರೇನು, ಎರಡು ಸಾಲು ತೂತುಗಳು ಏಕಿರುತ್ತವೆ, ಇದು ಎಂಥವರಿಗೂ ಆಗುವ ತಪ್ಪು. ಕುರ್ಲಾದಲ್ಲಿ ಇಳಿದು ಬ್ರಿಜ್ ಹತ್ತಿದೆ. ಅರ್ಧಕ್ಕೆ ನಿಂತು ಏದುಸಿರು ಬಿಟ್ಟೆ. ಅಲ್ಲಿಯವರೆಗೆ ಅಣಿ ಮಾಡಿಕೊಂಡದ್ದೆಲ್ಲ ಅಲ್ಲೇ ಉಳಿಯಿತು.

ವೈನಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಬಾಗಿಲಲ್ಲೇ ಹೇಳಿದೆ. “ವೈನಿ, ಹಾಡು ಇಲ್ಲ. ಬಂದಿಲ್ಲ. ನಾ ಸುಳ್ಳು ಹೇಳಿದೆ.”

ಅವಳ ಕೈ ನಿಲ್ಲಲಿಲ್ಲ. ಕೂಸಿನ ಒಂದು ಕಾಲು ಮುಗಿಸಿ ಇನ್ನೊಂದನ್ನು ಹಿಡಿದಳು.

“ಮೊದಲನೇದು? ಆ ಗುಂಯ್ ಅಂತಿತ್ತಲ್ಲ?”

“ಅದನ್ನ ಅಳಿಸಿಬಿಟ್ಟೆ.”

“ನನಗ ಕೇಳದಽ?”

“ಹೌದು.”

ಕೂಸನ್ನು ಬೋರಲು ಮಲಗಿಸಿ ಬೆನ್ನಿಗೆ ಹಚ್ಚಿದಳು. ಆ ಹೊಸ ದನಿಯಲ್ಲಿ ಹೇಳಿದಳು: “ಮೂರು ಸಲ ಬಂದೀನಿ ಶಿವೂ. ಆ ಬ್ರಿಜ್ ಹತ್ತೂ ಮುಂದ ಎರಡು ಕಡೆ ಕುಂದರತಿದ್ದೆ. ನಿನಗ ಹೇಳಿಲ್ಲ, ಮೈದುನ ಬ್ಯಾಸರ ಮಾಡಿಕೋತಾನಂತ.”

ನಾನು ಏನೋ ಹೇಳಲು ಹೋದೆ. ಬಹುಶಃ ‘ಸೌಂಡ್ ಕಾರ್ಡ್’ ಎಂಬ ಪದದಿಂದಲೇ ಶುರುಮಾಡಿರಬೇಕು. ಅವಳು ಎಣ್ಣೆಗೈ ಎತ್ತಿ ತಡೆದಳು.

“ಆ ಮಷಿನಿಂದು ನನಗೇನ ತಿಳಿಯೂದುಲ್ಲ. ಹೆಸರಿಡೂ ದಿನ ಹೆಂಗಸರ ಮುಂದ ಹೇಳು. ನನ್ನ ಬಾಯಿಲೆ ಹೇಳಸಬ್ಯಾಡ. ಎಲ್ಲಾರಿಗೂ ಹೇಳೀನಿ ನಾ, ನಮ್ಮ ಶಿವೂ ಹಳೇ ದನಿ ತಗದಿಟ್ಟಾನ ಅಂತ.” ಆಮೇಲೆ, “ಚಹಾ ಕುಡದ ಹೋಗು,” ಎಂದಳು. ಚಹಾಕ್ಕೆ ಸಕ್ಕರೆ ಹಾಕಲು ಮರೆತಿದ್ದಳು, ಅಥವಾ ಮರೆತಿರಲಿಲ್ಲ. ನಾನು ಪೂರ್ತಿ ಕುಡಿದೆ.

ಹೆಸರಿಡುವ ದಿನ ಆ ಮನೆಯಲ್ಲಿ ಇಪ್ಪತ್ತೈದು ಹೆಂಗಸರು. ಗಂಡಸರು ಹೊರಗೆ ಗ್ಯಾಲರಿಯಲ್ಲಿ ನಿಂತು ಚಿವಡಾ ತಿನ್ನುತ್ತಿದ್ದರು. ನನ್ನನ್ನು ಮಾತ್ರ ಒಳಗೆ ಕರೆದರು. ಎದ್ದು ನಿಂತು ಹೇಳಿದೆ. ಚಿಕ್ಕದಾಗಿ ಹೇಳಿದೆನೆಂದು ನನ್ನ ನೆನಪು. ಸೌಂಡ್ ಕಾರ್ಡಿನ ಚಿತ್ರವನ್ನು ಕೈಯಲ್ಲಿ ಗಾಳಿಯ ಮೇಲೆ ಬರೆದು ತೋರಿಸಿದಿರಿ ಎಂದು ವಾರಿಜಾಳ ನೆನಪು. ಎದುರುಮನೆಯ ಕಲ್ಲವ್ವ ಎಂಬ ಹಿರಿಯಳು ಗಲ್ಲದ ಮೇಲೆ ಕೈಯಿಟ್ಟು ಕೇಳಿದಳು.

“ಅಂದರ ಇಪ್ಪತ್ತಮೂರ ನಿಮಿಷ ಏನ ಹಿಡದ್ರಿ?”

“ಏನೂ ಇಲ್ಲರಿ.”

“ಏನೂ ಇಲ್ಲದ್ದಕ್ಕ ಮನ್ಯಾಗಿನ ಫ್ರಿಜ್ ಬ್ಯಾರೆ ಬಂದ್ ಮಾಡಿದ್ರಿ?”

ನಗೆ ಎದ್ದಿತು. ವೈನಿ ನಗಲಿಲ್ಲ. ನಗೆ ಪೂರ್ತಿ ಮುಗಿಯುವವರೆಗೆ ಕಾಯ್ದು, “ಆತು, ಕುಂದರು,” ಎಂದಳು. ಅಷ್ಟೇ. ಕ್ಷಮಿಸಿದಳೇ ಎಂದು ನನ್ನನ್ನು ಕೇಳಿದರೆ, ಗೊತ್ತಿಲ್ಲ. ಕುಂದರು ಎಂದಳು, ಕುಂತೆ.

ಸುಜಾತಾ ತೊಟ್ಟಿಲಿಗೆ ಬಗ್ಗಿ ‘ಕುರ್‍ರ್’ ಎಂದಳು. ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಹೆಸರು ಅನ್ವಿ. ವೈನಿ ತೊಟ್ಟಿಲ ಹಗ್ಗ ಹಿಡಿದಳು. ಹಾಡತೊಡಗಿದಳು. ಏರಬೇಕಾದಲ್ಲಿ ದನಿ ಏರಲಿಲ್ಲ. ಅವಳು ಅಲ್ಲಿಯೇ ಒಂದು ಬೇರೆ ದಾರಿ ಹಿಡಿದು, ಕೆಳಗಿನಿಂದ ಸುತ್ತು ಹಾಕಿ, ಅದೇ ಸಾಲಿನ ಕೊನೆಗೆ ಬಂದು ನಿಂತಳು. ಹಳೆಯ ದನಿ ಗೊತ್ತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು, ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಕೂಸು ಮಾತ್ರ ಕಣ್ಣು ಪಿಳಿಪಿಳಿ ಬಿಡುತ್ತ ಕೇಳುತ್ತಿತ್ತು. ಅದಕ್ಕೆ ಹಳೆಯ ದನಿ ಎಂಬುದೊಂದು ಇತ್ತೆನ್ನುವುದೇ ತಿಳಿಯದು. ಅದರ ಪಾಲಿಗೆ ಅಜ್ಜಿಯ ದನಿ ಎಂದರೆ ಇದೇ. ಹೋಲಿಸಿ ನೋಡುವ ರೋಗ ಅದಕ್ಕೆ ಇನ್ನೂ ಹತ್ತಿರಲಿಲ್ಲ.

ಆ ಹೊತ್ತಿನಲ್ಲಿ ನಾನು ಮೂಲೆಯಲ್ಲಿ ಚಪ್ಪಲಿಗಳ ಪಕ್ಕ ತಲೆ ತಗ್ಗಿಸಿ ಕೂತಿದ್ದೆ. ಒಂದೂ ಮಾತಾಡಲಿಲ್ಲ. ಪಶ್ಚಾತ್ತಾಪದಿಂದ ಮನುಷ್ಯ ಹೇಗೆ ಮೆತ್ತಗಾಗುತ್ತಾನೆ ಎಂದು ಯೋಚಿಸುತ್ತ, ಸುಮ್ಮನೆ ಕೇಳಿದೆ. ಜೀವಮಾನದಲ್ಲಿ ಮೊದಲ ಸಲ ಬರಿಯ ಹಾಡನ್ನು ಕೇಳಿದೆ. ಈ ಪ್ರಬಂಧವನ್ನು ಈ ಮಾತಿನಿಂದಲೇ ಮುಗಿಸಬೇಕೆಂದು ಅಲ್ಲೇ ಗೊತ್ತು ಮಾಡಿಕೊಂಡಿದ್ದೆ.

ಎರಡು ದಿನ ಬಿಟ್ಟು ಸುಜಾತಾ, ನಾನು ಕೂತಿದ್ದ ಮೂಲೆಯಲ್ಲೇ ಚಾಲೂ ಮಾಡಿಟ್ಟಿದ್ದ ತನ್ನ ಮೊಬೈಲಿನಲ್ಲಿ ಹಿಡಿದದ್ದನ್ನು ಮನೆಯವರ ಗ್ರೂಪಿಗೆ ಹಾಕಿದಳು. ಬಳೆಗಳ ಸದ್ದಿದೆ, ಯಾರದೋ ಕುಕ್ಕರಿನ ಸೀಟಿಯಿದೆ, ಗ್ಯಾಲರಿಯಲ್ಲಿ ಗಂಡಸರು ಕ್ರಿಕೆಟ್ ಮಾತಾಡುವುದಿದೆ. ಅವೆಲ್ಲದರ ನಡುವಿನಿಂದ ವೈನಿಯ ದನಿ ಏಳುತ್ತದೆ. ಮೊದಲ ಸಾಲು ಹೆಸರಿಗೆ ಬರುತ್ತದೆ. ಸರಿಯಾಗಿ ಆ ಹೆಸರಿನ ಮೇಲೆ, ಮೈಕಿಗೆ ಎಲ್ಲರಿಗಿಂತ ಹತ್ತಿರದಿಂದ, ಒಂದು ಗಂಡು ದನಿ ಹೇಳುತ್ತದೆ: “ಶ್! ಆ ಫ್ಯಾನ್ ಬಂದ್ ಮಾಡ್ರಿ, ಫ್ಯಾನ್!”

ಅದು ನನ್ನ ದನಿ. ಹೇಳಿದ ನೆನಪು ನನಗೆ ಒಂದು ಎಳೆಯಷ್ಟೂ ಇಲ್ಲ. ಏಳು ಸಲ ಕೇಳಿದೆ. ನನ್ನದೇ.

ವೈನಿ ಫೋನು ಮಾಡಿದಳು. ಆಪರೇಶನ್ನಿನ ನಂತರ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅಂದೇ, ನಗೆಯೂ ತಗ್ಗಿನದಾಗಿದೆ. “ಏ ಶಿವೂ, ಕೂಸಿನ ಹೆಸರ ಏನಿಟ್ರಿ ಅಂತ ಬಿಜಾಪುರದಿಂದ ನಮ್ಮ ತಂಗಿ ಕೇಳಾಕತ್ತಾಳ. ‘ಫ್ಯಾನ್ ಬಂದ್ ಮಾಡ್ರಿ’ ಅಂತ ಕೇಳಿಸತೈತಂತ.”

ನನ್ನ ಮಾತನ್ನು ಅಲ್ಲಿಂದ ತೆಗೆಯಬಹುದೇ ಎಂದು ನೋಡಿದೆ. ಆಗದು. ಅದನ್ನು ಕತ್ತರಿಸಿದರೆ ಜೊತೆಗೆ ಕೂಸಿನ ಹೆಸರೂ ಹೋಗುತ್ತದೆ. ಹಾಗೆಯೇ ಬಿಟ್ಟೆ. ಮುಟ್ಟಬೇಡ ಎಂದು ವೈನಿಯ ಆಜ್ಞೆಯೂ ಇತ್ತು. ಇನ್ನು ಹತ್ತು ಹನ್ನೆರಡು ವರ್ಷಕ್ಕೆ ಅನ್ವಿ ಅದನ್ನು ಎಲ್ಲೋ ಹುಡುಕಿ ತೆಗೆದು, ಅಜ್ಜಿ ಹಾಡುವಾಗ ನಡುವೆ ಒದರುವವನು ಯಾರು ಎಂದು ತನ್ನ ಅತ್ತೆಯನ್ನು ಕೇಳುತ್ತಾಳೆ, ಬಹುಶಃ ಹಿಂದಿಯಲ್ಲಿ. ಸುಜಾತಾ ಏನು ಹೇಳುತ್ತಾಳೆಂದು ನಾನು ಊಹಿಸಬಲ್ಲೆ. “ಅದ ನಮ್ಮ ಕಾಕಾ. ಛೋಡ್ ದೇ, ಮುಂದ ಕೇಳು.”